ತಾಯಿಯ ಬಳಿ ಬಾರದ ದೆವ್ವ

ಆ ಕಾದಂಬರಿಯ ಬಗ್ಗೆ ಮಲ್ಕಮ್ಮನ ಅಭಿಪ್ರಾಯ ಮೊದಲಿನಿಂದಲೂ ಒಂದೇ. ಬರೆದ ಹೆಂಗಸಿಗೆ ತಲೆ ಸರಿ ಇಲ್ಲ.

“ಸತ್ತಾಂವ ಎದ್ದು ಬರ್ತಾನ. ಬರ್ಲಿ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಕದ ಹಾಕಿದ್ರೂ ಒಳಗ ಬರ್ತಾನ. ಅದೂ ಆಗ್ಲಿ. ಆದ್ರ ದಿನಾ ಹೆಂಡ್ತಿ ಹಂತ್ಯಾಕೇ ಬರ್ತಾನಲ್ಲ ಬೇ, ಹಡದಾಕಿ ಒಬ್ಬಾಕಿ ಅದಾಳ ಅನ್ನೂದು ನೆಪ್ಪೇ ಇಲ್ಲೇನು ಆ ಖೋಡಿಗೆ?”

ಹೀಗೆಂದು ಅವಳು ಪರಾತದಲ್ಲಿದ್ದ ಜೋಳದ ಹಿಟ್ಟನ್ನು ಗುದ್ದಿ ಗುದ್ದಿ ನಾದುವಳು. ಎದುರಿಗೆ ಗೋಡೆಗೆ ಬೆನ್ನು ಕೊಟ್ಟು ಕೂತ ಸೊಸೆ ಪಲ್ಲವಿ ಮೊಬೈಲಿನಿಂದ ಕಣ್ಣೆತ್ತಿ, “ಅದು ಲವ್ ಸ್ಟೋರಿ ಅದ್ರಿ ಅತ್ತಿ. ಅದರಾಗ ತಾಯಿಗೇನು ಕೆಲಸ?” ಎನ್ನುವಳು.

“ತಾಯಿಗೇನು ಕೆಲಸ! ಹಂಗಾದ್ರ ಅಂವ ಗಿಡದಾಗ ಹುಟ್ಟಿದ್ನೇನು? ಓದು ಮುಂದ.”

ಅಭಿಪ್ರಾಯ ಎಷ್ಟೇ ಕೆಟ್ಟದಿರಲಿ, “ಓದು ಮುಂದ” ಅನ್ನುವುದನ್ನು ಮಾತ್ರ ಮಲ್ಕಮ್ಮ ಒಂದು ದಿನವೂ ಬಿಟ್ಟವಳಲ್ಲ. ಜೇವರ್ಗಿಯಲ್ಲಿ ವಿಜಯಪುರ ರಸ್ತೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ರಸ್ತೆಯ ಮೇಲಿನ ಒಂದು ಖಾನಾವಳಿಗೆ ಅವಳೇ ರೊಟ್ಟಿ ಬಡಿದು ಕೊಡುವವಳು. ಮಧ್ಯಾಹ್ನ ಊಟ ಮುಗಿದ ಮೇಲೆ ಒಲೆ ಹಚ್ಚಿದರೆ ಲಾರಿಯವರು ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ರೊಟ್ಟಿ ಅಲ್ಲಿಗೆ ಮುಟ್ಟಿರಬೇಕು. ಪಲ್ಲವಿ ಬೆಳಿಗ್ಗೆ ಟೇಲರ್ ಅಂಗಡಿಗೆ ಹೋಗಿ ಬ್ಲೌಸ್ ಹೊಲಿದು ಮಧ್ಯಾಹ್ನ ಮರಳುತ್ತಾಳೆ. ಆಮೇಲೆ ಒಬ್ಬಳು ಬಡಿಯುವುದು, ಒಬ್ಬಳು ಓದುವುದು. ರೊಟ್ಟಿ ಬಡಿಯುವ ಸದ್ದು ಸಣ್ಣ ಸದ್ದಲ್ಲ, ಅದರ ಮೇಲೆ ಕೇಳಿಸಬೇಕೆಂದು ಪಲ್ಲವಿ ಜೋರಾಗಿಯೇ ಓದುತ್ತಾಳೆ. ಕಥೆ ಬಿಗಿಯಾದಾಗ ಮಲ್ಕಮ್ಮನ ಕೈ ನಿಂತುಬಿಡುತ್ತದೆ, ಹಂಚಿನ ಮೇಲಿನ ರೊಟ್ಟಿ ಕರಿ ಹಿಡಿಯುತ್ತದೆ. ಹಾಗೆ ಸೀದ ರೊಟ್ಟಿಗಳೆಲ್ಲ ಅವಳ ಗಂಡ ಧರ್ಮಣ್ಣನ ಪಾಲಿಗೆ ಬರುತ್ತಿದ್ದವು. ತಾಲೂಕು ಕಚೇರಿಯಲ್ಲಿ ಜವಾನನಾಗಿ ದುಡಿದು ರಿಟೈರ್ ಆದ ಆ ಮನುಷ್ಯ, “ಇವತ್ತೂ ದೆವ್ವ ಬಂದಿತ್ತೇನು?” ಎಂದಷ್ಟೇ ಕೇಳಿ, ತಿಂದು ಏಳುತ್ತಿದ್ದ.

ಈ ಓದು ಶುರುವಾದದ್ದು ಒಳ್ಳೆಯ ಮನಸ್ಸಿನಿಂದೇನೂ ಅಲ್ಲ, ಅದನ್ನೂ ಹೇಳಿಬಿಡಬೇಕು. ಮಲ್ಕಮ್ಮನ ಮಗ, ಪಲ್ಲವಿಯ ಗಂಡ ಅಜಯಕುಮಾರ ಸತ್ತ ಮೇಲೆ ಆ ಹುಡುಗಿ ದಿನವೂ ಗೋಡೆ ಕಡೆ ಮುಖ ಮಾಡಿ ಮೊಬೈಲ್ ಹಿಡಿದು ಕೂರುತ್ತಿದ್ದಳು. ಮಲ್ಕಮ್ಮನಿಗೆ ಸಂಶಯ ಬಂತು. ಯಾರಿಗೆ ಮೆಸೇಜ್ ಕಳಿಸುತ್ತಾಳೆ ಇವಳು? ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು. “ಕಥಿ ಓದಾಕತ್ತೇನ್ರಿ,” ಅಂದಳು ಪಲ್ಲವಿ. “ಕಥಿ ಅಂದ್ರ ಜೋರ ಓದು, ನಾನೂ ಕೇಳ್ತೇನಿ,” ಅಂದಳು ಮಲ್ಕಮ್ಮ. ಪರೀಕ್ಷೆ ಮಾಡಲು ಕೇಳಿದವಳು ತಾನೇ ಸಿಕ್ಕಿಬಿದ್ದಳು.

ಅಕ್ಷರ ಕಲಿಯದ ಹೆಂಗಸು ಅವಳು. ಅಫಜಲಪುರ ತಾಲೂಕಿನ ಗೊಬ್ಬೂರಲ್ಲಿ ಹುಟ್ಟಿ, ಅಣ್ಣ ಶಾಲೆಗೆ ಹೋಗುವಾಗ ಕಳೆ ತೆಗೆಯಲು ಹೋದವಳು. ಹತ್ತಿ ಬಿಡಿಸಿದಳು, ತೊಗರಿ ಕೊಯ್ದಳು, ಧರ್ಮಣ್ಣನನ್ನು ಮದುವೆಯಾಗಿ ಜೇವರ್ಗಿಗೆ ಬಂದಳು. ಧರ್ಮಣ್ಣ ಓದಿಕೊಂಡವನು, ಬಾಬಾಸಾಹೇಬರ ದಾರಿ ಹಿಡಿದವನು. ಮದುವೆಯಾದ ಹೊಸದರಲ್ಲೇ ಇಬ್ಬರೂ ಕಲಬುರಗಿಗೆ ಹೋಗಿ ಇಪ್ಪತ್ತೆರಡು ಪ್ರತಿಜ್ಞೆ ಹೇಳಿ ಬೌದ್ಧರಾಗಿ ಬಂದರು. ಮನೆಯ ಜಗಲಿಯ ದೇವರುಗಳನ್ನೆಲ್ಲ ಧರ್ಮಣ್ಣ ಒಂದು ಅರಿವೆಯಲ್ಲಿ ಕಟ್ಟಿ ಭೀಮಾ ನದಿಗೆ ಬಿಟ್ಟಾಗ ಮಲ್ಕಮ್ಮ ಅಳಲಿಲ್ಲ. ಗುಡಿಯ ಕಟ್ಟೆ ಹತ್ತಲು ಬಿಡದ ದೇವರು ಹೋದರೆಷ್ಟು, ಇದ್ದರೆಷ್ಟು ಅಂದುಕೊಂಡಳು. ಪ್ರತಿಜ್ಞೆಯ ಪ್ರಕಾರವೇ ಬದುಕಿದಳು. ತಿಥಿ ಇಲ್ಲ, ಎಡೆ ಇಲ್ಲ, ಪಿಂಡ ಇಲ್ಲ. ಸತ್ತ ಮೇಲೆ ಆತ್ಮ ಅಂತ ಅಲೆಯುವುದೂ ಏನಿಲ್ಲ. ಮಗ ಸಾಯುವ ತನಕ ಅದರಲ್ಲಿ ಅವಳಿಗೆ ಯಾವ ತೊಂದರೆಯೂ ಕಾಣಲಿಲ್ಲ.

ಅಜಯ ಜೆಸಿಬಿ ನಡೆಸುತ್ತಿದ್ದ. ಯಡ್ರಾಮಿ ಹತ್ತಿರ ಒಂದು ಹಳೆಯ ಮಣ್ಣಿನ ವಾಡೆ ಕೆಡವುವಾಗ ಕೆಳಗಿಳಿದು ನೀರು ಕುಡಿಯಲು ನಿಂತವನ ಮೇಲೆ ಗೋಡೆ ಬಿತ್ತು. ಅದಕ್ಕೆ ಸ್ವಲ್ಪ ಮೊದಲು ಫೋನ್ ಮಾಡಿದ್ದ, ಹೆಂಡತಿಗೆ. “ಸಂಜೀಕ ಬರ್ತೇನಿ, ಪುಂಡಿಪಲ್ಯ ಮಾಡಿರು” ಅಂದಿದ್ದ. ಮಲ್ಕಮ್ಮ ಅಲ್ಲೇ ಬಾಗಿಲಲ್ಲಿ ಕೂತು ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದಳು. “ನನ್ನ ಕೈಯಾಗ ಕೊಡು ಜರಾ” ಎನ್ನುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಮಗ ಮನೆಗೇ ಬರುತ್ತಾನಲ್ಲ, ಆಗ ಮಾತಾಡಿದರಾಯಿತು ಎಂದು ಮತ್ತೆ ಬೇಳೆಗೆ ಕೈ ಹಾಕಿದ್ದಳು.

ಮಣ್ಣು ಕೊಟ್ಟು ಬಂದರು. ಬುದ್ಧ ವಿಹಾರದ ಭಿಕ್ಷು ಭಂತೇಜಿ ಬಂದು ಗಾಥೆ ಹೇಳಿದರು, ಮೇಣದಬತ್ತಿ ಹಚ್ಚಿದರು. ಗೊಬ್ಬೂರಿನಿಂದ ಬಂದಿದ್ದ ಮಲ್ಕಮ್ಮನ ಅಕ್ಕ ಅವಳನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು. ದೀಪದ ಹತ್ತಿರ ಒಂದಿಷ್ಟು ಹಿಟ್ಟು ಹಾಸು, ಮೇಲೆ ಬುಟ್ಟಿ ಮುಚ್ಚು. ಬೆಳಗಾಗೆದ್ದು ಬುಟ್ಟಿ ತೆಗೆದರೆ ಹಿಟ್ಟಿನ ಮೇಲೆ ಗುರುತು ಬಿದ್ದಿರುತ್ತದೆ, ಹೋದವನು ಒಮ್ಮೆ ತಾಯಿಯ ಮನೆಗೆ ಬಂದು ಹೋಗಿದ್ದಾನೆಂದು ತಿಳಿಯುತ್ತದೆ. ಧರ್ಮಣ್ಣನ ಕಿವಿಗೆ ಅದು ಬಿತ್ತು. ಅವನು ಸಿಟ್ಟು ಮಾಡಲಿಲ್ಲ. “ಮಲ್ಕಾ, ಬ್ಯಾಡ. ನಾವು ಮಾತು ಕೊಟ್ಟೇವಿ,” ಅಂದ ಅಷ್ಟೇ. ಮಲ್ಕಮ್ಮ ಹಿಟ್ಟಿನ ಡಬ್ಬಿ ಮುಚ್ಚಿಟ್ಟಳು. ಮಾತು ಉಳಿಯಿತು. ಆದರೆ ಆವತ್ತಿನಿಂದ ಅವಳಿಗೆ ಒಂದೇ ಯೋಚನೆ. ಹಿಟ್ಟು ಹಾಸಿದ್ದರೆ ಬರುತ್ತಿದ್ದನೇನೋ? ಹಾಸಲಿಲ್ಲ ಅಂತಲೇ ಬರಲಿಲ್ಲವೇನೋ? ಇದನ್ನು ಯಾರ ಮುಂದೆ ಹೇಳುವುದು! ಬೌದ್ಧರ ಮನೆಯ ಹೆಂಗಸು ದೆವ್ವಕ್ಕಾಗಿ ಕಾದು ಕೂತಿದ್ದಾಳೆ ಅಂದರೆ ಓಣಿಯವರು ನಗುವುದಿಲ್ಲವೇ?

ಹೀಗಿರುವವಳ ಕಿವಿಗೆ ಬಿದ್ದದ್ದು ಆ ಕಾದಂಬರಿ, “ಕನ್ನಡಿಯೊಳಗಿನ ಗಂಡ.” ಯಾವಳೋ ಒಬ್ಬಳು ಮೊಬೈಲಿನಲ್ಲಿ ವಾರಕ್ಕೆರಡು ಸಲ ಒಂದೊಂದು ಕಂತು ಹಾಕುತ್ತಿದ್ದಳು. ಇಂಚರಾ ಎಂಬ ಹುಡುಗಿ, ಆರ್ಯನ್ ಎಂಬ ಗಂಡ. ಮದುವೆಯಾದ ತಿಂಗಳಿಗೆ ಕಾರು ಮಗುಚಿ ಅವನು ಸಾಯುತ್ತಾನೆ. ಆಮೇಲೆ ದಿನಾ ಮುಸ್ಸಂಜೆ ಅವಳ ಅಲಂಕಾರದ ಕನ್ನಡಿಯಲ್ಲಿ ಮೂಡಿ, ಮೆಲ್ಲಗೆ ಹೊರಗೆ ಕಾಲಿಡುತ್ತಾನೆ. ಅವಳ ಕೂದಲು ನೇವರಿಸುತ್ತಾನೆ. ಇಬ್ಬರೂ ಕಿಟಕಿಯ ಹತ್ತಿರ ಕೂತು ತಾಸುಗಟ್ಟಲೆ ಮಾತಾಡುತ್ತಾರೆ. ಪಕ್ಕದ ಮನೆಯ ಡಾಕ್ಟರು ಅವಳನ್ನು ಮೆಚ್ಚಿದ್ದಾನೆ, ಅವಳಿಗೂ ಅವನ ಮೇಲೆ ಮನಸ್ಸಿಲ್ಲ ಎನ್ನುವಂತಿಲ್ಲ.

ಮಲ್ಕಮ್ಮನಿಗೆ ತಕರಾರು ಒಂದೆರಡಲ್ಲ. “ಈ ಇಂಚರಾ ಅನ್ನಾಕಿ ಏನು ಉಣ್ತಾಳ ಬೇ? ಒಲಿ ಹಚ್ಚಿದ್ದು ನಾ ಒಮ್ಮಿನೂ ಕೇಳ್ಲಿಲ್ಲ. ಗಂಡ ಸತ್ತು ವರ್ಷ ಆಗಿಲ್ಲ, ಕೆಲಸಕ್ಕ ಹೋಗಂಗಿಲ್ಲ, ಬೋಗಾಣಿ ತಿಕ್ಕಂಗಿಲ್ಲ, ಖಾಲಿಪೀಲಿ ಕನ್ನಡಿ ಮುಂದ ಕುಂತಿರ್ತಾಳ. ಇಂಥಾಕಿಗೆ ದೆವ್ವ ಬರದ ಏನು ಬರ್ತದ?” ಪಲ್ಲವಿ ನಕ್ಕುಬಿಡುವಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅಂದರೆ ಈ ಅತ್ತೆಯ ಬೈಗುಳಕ್ಕೆ ಮಾತ್ರ. ಅದಕ್ಕೆಂದೇ ಮಲ್ಕಮ್ಮ ಒಂದು ಬೈಯುವಲ್ಲಿ ಎರಡು ಬೈಯುತ್ತಿದ್ದಳು.

ಕಂತಿನ ಕೆಳಗೆ ಓದುಗರು ಅಭಿಪ್ರಾಯ ಬರೆಯಬಹುದೆಂದು ಪಲ್ಲವಿ ಹೇಳಿದ್ದೇ ತಡ, ಮಲ್ಕಮ್ಮ ಸೆಟೆದು ಕೂತಳು. “ಬರಿ ನಂದು. ನಿಮ್ಮ ದೆವ್ವಕ್ಕ ತಾಯಿ ಇಲ್ಲೇನ್ರಿ ಬಾಯಾರ ಅಂತ ಕೇಳು. ಹೆಂಡ್ತಿ ಹಂತ್ಯಾಕ ಕುಂತು ಏಳೂದ್ರಾಗ ಒಮ್ಮಿ ಆ ಮುದುಕಿಗೂ ಮಾರಿ ತೋರ್ಸಿ ಬಾ ಅಂತ ಹೇಳ್ರಿ ಅನ್ನು.” ಪಲ್ಲವಿ ಅದನ್ನು ಹಾಗೆಯೇ ಟೈಪ್ ಮಾಡಿ ಹಾಕಿದಳು. ಮೊಬೈಲು ಪಲ್ಲವಿಯದು, ಹಾಗಾಗಿ ಮಾತು ಮಲ್ಕಮ್ಮನದಾದರೂ ಕೆಳಗೆ ಬಿದ್ದ ಹೆಸರು ಪಲ್ಲವಿಯದೇ.

ಮುಂದಿನ ಕಂತು ಬಂದ ದಿನ ಮಲ್ಕಮ್ಮನಿಗೆ ಮೈಯೆಲ್ಲ ಕಿವಿ.

ದೆವ್ವ ತಾಯಿಯ ಮನೆಗೆ ಹೋಗಿತ್ತು! ತಾಯಿ ಒಲೆ ಮುಂದೆ ಕೂತಿದ್ದಾಳೆ. ಹಿಂದೆ ಬಂದು ನಿಂತ ಮಗನನ್ನು ತಿರುಗಿ ನೋಡದೆಯೇ ಗುರುತು ಹಿಡಿದು, “ಬಂದಿ?” ಅನ್ನುತ್ತಾಳೆ. “ಬಂದೆ ಯವ್ವಾ,” ಅನ್ನುತ್ತಾನೆ. ತುದಿಗಾಲಲ್ಲಿ ಕೂತು ಮೊದಲ ರೊಟ್ಟಿಯ ಅಂಚು ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ಬಾಯಿಗಿಡುತ್ತಾನೆ. ಬಿಸಿ ತಾಗಿ ಹಾ ಹಾ ಅನ್ನುತ್ತಾನೆ. ತಾಯಿ ಒಂದೇ ಒಂದು ಮಾತು ಕೇಳುತ್ತಾಳೆ, ಬಹಳ ನೋವಾಯಿತೇನಪ್ಪಾ ಎಂದು. “ಇಲ್ಲ ಯವ್ವಾ. ಕಣ್ಣ ಮುಚ್ಚಿ ತೆರಿಯೂದ್ರಾಗ ಆಗಿಹೋತು. ನೋವು ಅಂತ ಗೊತ್ತೇ ಆಗ್ಲಿಲ್ಲ. ನೀ ಫಿಕರ್ ಮಾಡಬ್ಯಾಡ. ಆವತ್ತು ನಿನ್ನ ಕೂಡ ಮಾತಾಡ್ಬೇಕಂತಿದ್ದೆ, ಲೈನ್ ಕಟ್ಟಾತು.”

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿತು. ಮಲ್ಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ಮಣ್ಣು ಕೊಟ್ಟ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಓದುವಾಗ ಪಲ್ಲವಿಯ ಹೆಬ್ಬೆರಳು ಮೊಬೈಲಿನ ಮೇಲೆ ಒಮ್ಮೆಯೂ ಆಡದೆ ನಿಂತಲ್ಲೇ ನಿಂತದ್ದು ಅವಳಿಗೆ ಕಾಣಲಿಲ್ಲ. “ಬರೆದಾಕಿ ತಾಯಿ ಅದಾಳ ಬಿಡು,” ಎಂದು ಮೂಗು ಒರೆಸಿಕೊಂಡಳು. “ನಾ ಹೇಳಿದ್ದು ಕೇಳ್ಯಾಳ. ಅಕಿಗೆ ಏನು ಗೊತ್ತು ಬೇ ಇದೆಲ್ಲ, ಎಷ್ಟು ಬರಾಬರ್ ಬರದಾಳ!” ಪಲ್ಲವಿ ಎದ್ದು ಹೋಗಿ ನೀರು ತಂದುಕೊಟ್ಟಳು.

ಅಲ್ಲಿಂದ ಮಲ್ಕಮ್ಮ ಬೇರೆಯೇ ಆದಳು. ಓಣಿಯಲ್ಲಿ ಸಿಕ್ಕವರಿಗೆಲ್ಲ, ಪಕ್ಕದ ಮನೆಯ ಖಾಸೀಂಬಿಗಂತೂ ದಿನಾ, ತಾನು ಹೇಳಿದ್ದಕ್ಕೆ ಬರೆಯುವ ಹೆಂಗಸು ಕಥೆಯನ್ನೇ ತಿರುಗಿಸಿದಳು ಎಂದು ಹೇಳಿಕೊಂಡು ಬಂದಳು. ನಡುವೆ ಮತ್ತೆರಡು ಸಲ ದೆವ್ವ ತಾಯಿಯ ಮನೆಗೆ ಬಂದು ಹೋಯಿತು. ಒಳಗೊಳಗೆ ಒಂದು ಲೆಕ್ಕವೂ ಅವಳಿಗೆ ಕೂಡಿಬಂತು. ದೆವ್ವ ಮೊದಲು ಬರುವುದು ಹೆಂಡತಿ ಇರುವಲ್ಲಿಗೆ, ಅಲ್ಲಿಂದ ತಾಯಿಯ ಹತ್ತಿರಕ್ಕೆ. ಅಂದರೆ ಹೆಂಡತಿ ಮನೆಯಲ್ಲಿರಬೇಕು. ಹೆಂಡತಿ ಹೋದಳೋ, ಅವನೂ ಹೋದ.

ಆಗಲೇ ಧಮ್ಮಪಾಲ ಬಂದದ್ದು.

ಧಮ್ಮಪಾಲ ಯಡ್ರಾಮಿಯಲ್ಲಿ ಹುಡುಗರ ಹಾಸ್ಟೆಲಿನಲ್ಲಿ ವಾರ್ಡನ್. ಹೆಂಡತಿ ಕಾಯಿಲೆಯಿಂದ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬುದ್ಧ ವಿಹಾರದಲ್ಲಿ ಧರ್ಮಣ್ಣನಿಗೆ ಪರಿಚಯವಾದವನು. ಒಂದು ಭಾನುವಾರ ಮನೆಗೆ ಬಂದು, “ಜೈ ಭೀಮ್” ಎಂದು ಕೈಮುಗಿದು, ಚಹಾ ಕುಡಿದು, ತಲೆ ತಗ್ಗಿಸಿ ಪಲ್ಲವಿಯ ಕೂಡ ನಾಲ್ಕು ಮಾತಾಡಿ ಹೋದ. ಯಾವ ಪುಸ್ತಕ ಓದುತ್ತೀರೆಂದು ಕೇಳಿದನಂತೆ. ಅವಳು ದೆವ್ವದ ಕಥೆ ಅಂದಾಗ ನಗಲಿಲ್ಲವಂತೆ, ತನಗೂ ಹೇಳಿ ಅಂದನಂತೆ. ಅವನು ಹೋದ ಮೇಲೆ ಪಲ್ಲವಿ ಚಹಾದ ಕಪ್ಪು ತೊಳೆಯುತ್ತ ಯಾವುದೋ ಹಾಡು ಗುನುಗಿದಳು. ಮಲ್ಕಮ್ಮನಿಗೆ ಅದು ಕೇಳಿಸಿತು.

ಮರುದಿನ ಪಲ್ಲವಿ ಅಂಗಡಿಗೆ ಹೋದಾಗ ಧರ್ಮಣ್ಣ ಒಲೆಯ ಹತ್ತಿರ ಬಂದು ಕೂತ.

“ಮನಷ್ಯಾ ಛಲೋ ಅದಾನ. ಮುಂದಿನ ವಾರ ಜವಾಬು ಕೇಳ್ಯಾನ. ಹುಡುಗಿಗೆ ಮನಸ್ಸದ ಅನ್ನಿಸ್ತದ ನನಗ. ಆದ್ರ ನಿನ್ನ ಬಾಯಿಂದ ಹೂಂ ಬರೂತನ ಅಕಿ ಬಾಯಿ ಬಿಡಂಗಿಲ್ಲ. ನಿನ್ನ ಬಿಟ್ಟು ಹೋಗಾಕ ಅಕಿಗೆ ಹೆದರಿಕಿ. ನೀ ಹೋಗು ಅಂದ್ರ ಹೋಗ್ತಾಳ, ಬ್ಯಾಡ ಅಂದ್ರ ಕುಂತುಬಿಡ್ತಾಳ. ನೀನ ಹೇಳ್ಬೇಕು.”

“ನಾ ಏನ್ ಹೇಳ್ಲಿ?”

“ಮೂವತ್ತು ದಾಟದ ಹುಡುಗಿ ಬೇ ಅದು. ನಮ್ಮ ಒಲಿ ಮುಂದ ಮುದುಕಿ ಆಗ್ಬೇಕೇನು? ನಮ್ಮಲ್ಲಿ ಉಡಿಕಿ ಹೊಸಾದಲ್ಲ, ತಪ್ಪೂ ಅಲ್ಲ.”

ಗಂಡ ಸತ್ತ ಹೆಣ್ಣಿಗೆ ಮತ್ತೆ ಸೀರೆ ಉಡಿಸಿ ಕಳಿಸುವುದು ತಪ್ಪಲ್ಲವೆಂದು ಮಲ್ಕಮ್ಮನಿಗೂ ಗೊತ್ತು. ಅವಳ ಸ್ವಂತ ಅತ್ತಿಗೆಗೇ ಉಡಿಕೆಯಾಗಿತ್ತು, ಮುಂದೆ ನಿಂತು ಸೀರೆ ಕೊಟ್ಟವಳು ಇವಳೇ. ಆದರೂ, “ಹೇಳ್ತೇನಿ, ಹೇಳ್ತೇನಿ, ಗಡಬಡಿ ಮಾಡಬ್ಯಾಡ್ರಿ,” ಎಂದು ಗಂಡನನ್ನು ಸಾಗಹಾಕಿದಳು. ದಿನವೂ ಹೇಳಬೇಕೆಂದುಕೊಳ್ಳುವಳು. ಮಧ್ಯಾಹ್ನ ಪಲ್ಲವಿ ಬಂದು ಗೋಡೆಗೆ ಒರಗಿ ಕೂತೊಡನೆ ಬಾಯಿಗೆ ಬರುವುದು “ಓದು ಮುಂದ” ಎಂಬ ಮಾತೊಂದೇ.

ಆ ವಾರದ ಕಂತು ಅರ್ಧಕ್ಕೇ ನಿಂತಿತು. ಡಾಕ್ಟರು ಇಂಚರಾಳಿಗೆ, ನನ್ನ ಜೊತೆ ಬರುತ್ತೀಯಾ ಎಂದು ಕೇಳಿಬಿಟ್ಟಿದ್ದ. ಕನ್ನಡಿಯಲ್ಲಿ ಗಂಡ ಸುಮ್ಮನೆ ನಿಂತು ನೋಡುತ್ತಿದ್ದ. ಬರೆಯುವವಳು ಅಲ್ಲಿಗೇ ತಡೆದು, ಇಂಚರಾ ಹೋಗಬೇಕೋ, ಇರಬೇಕೋ, ಓದುಗರೇ ಹೇಳಿ ಎಂದು ಕೇಳಿದ್ದಳು.

ಪಲ್ಲವಿ ಅದನ್ನು ಓದಿ ಮುಗಿಸಿದಳು. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡಳು. ನೆಲದ ಮೇಲೆ ಬಿದ್ದಿದ್ದ ಹಿಟ್ಟನ್ನು ಬೆರಳಿನಿಂದ ಒಟ್ಟು ಮಾಡುತ್ತ, “ನಿಮ್ಮ ಅಭಿಪ್ರಾಯ ಏನ್ರಿ ಅತ್ತಿ?” ಎಂದು ಕೇಳಿದಳು.

ಮಲ್ಕಮ್ಮನ ಕೈ ನಿಂತಿತು. ಕೇಳಿದ್ದು ಕಥೆಯದಲ್ಲವೆಂದು ಅವಳಿಗೆ ತಿಳಿಯಿತು. ಚೆನ್ನಾಗಿ ತಿಳಿಯಿತು, ಇಲ್ಲಿ ಸುಳ್ಳು ಹೇಳಿ ಅವಳ ಪರ ವಹಿಸುವುದು ಬೇಡ. ಹುಡುಗಿ ತಲೆ ಎತ್ತದೆ ಕೂತಿದ್ದಾಳೆ. “ಹೋಗ್ಲಿ ಬೇ, ಸತ್ತಾಂವನ ಕೂಡ ಎಷ್ಟು ದಿನ” ಎಂಬ ಮಾತು ನಾಲಿಗೆಯ ತನಕ ಬಂದಿತ್ತು. ಅದರ ಹಿಂದೆಯೇ ಇನ್ನೊಂದೂ ಬಂತು. ನಾಳೆ ಈ ಗೋಡೆಯ ಹತ್ತಿರ ಯಾರೂ ಇರುವುದಿಲ್ಲ. ಓದುವವರಿಲ್ಲ. “ಬಂದೆ ಯವ್ವಾ” ಎನ್ನುವ ಮಾತು ಇನ್ನು ಈ ಮನೆಯಲ್ಲಿ ಕೇಳಿಸುವುದಿಲ್ಲ. ಒಂದು ಸಲ ಮಗನನ್ನು ಮಣ್ಣಿಗೆ ಕೊಟ್ಟದ್ದಾಯಿತು, ಮತ್ತೊಂದು ಸಲ ಕೊಡಲು ಅವಳಿಂದ ಆಗಲಿಲ್ಲ.

“ಹೋಗಬಾರ್ದು,” ಅಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. “ಅಕಿ ಹೋದ್ರ ಆ ಹುಡುಗ ಎಲ್ಲಿ ಬರ್ಬೇಕು? ಅಂವಗ ಬಂದು ಕೂಡಾಕ ಒಂದು ಜಾಗ ಬೇಕಲ್ಲ? ಡಾಕ್ಟರಗ ಏನು, ಹತ್ತು ಮಂದಿ ಸಿಗ್ತಾರ. ಅಂವಗ ಅಕಿ ಒಬ್ಬಾಕೀನೆ. ಬರಿ ಹಂಗಂತ.”

ಪಲ್ಲವಿ ಬೆರಳಿಗಂಟಿದ ಹಿಟ್ಟು ಒರೆಸಿಕೊಂಡು ಮೊಬೈಲ್ ತೆಗೆದುಕೊಂಡಳು. “ಹೂಂ ರಿ,” ಎಂದು ಅತ್ತೆಯ ಮಾತನ್ನೇ ಟೈಪ್ ಮಾಡಿ ಹಾಕಿದಳು. ಆ ಸಂಜೆ ಮಾವನ ಮುಂದೆ ನಿಂತು, ನನಗೆ ಬೇಡ ಮಾವಾ, ಅವರಿಗೆ ಹೇಳಿಬಿಡಿ ಅಂದಳು. ಧರ್ಮಣ್ಣ ಒಳಗೆ ತಿರುಗಿ ಹೆಂಡತಿಯನ್ನು ನೋಡಿದ. ಮಲ್ಕಮ್ಮ ರೊಟ್ಟಿ ಎಣಿಸುವವಳಂತೆ ಬುಟ್ಟಿಯಲ್ಲಿ ಮುಖ ಹುದುಗಿಸಿದಳು.

ಮುಂದಿನ ಕಂತಿನಲ್ಲಿ ಇಂಚರಾ ಹೋಗಲಿಲ್ಲ. ಡಾಕ್ಟರನಿಗೆ ಕೈಮುಗಿದು ಕಳಿಸಿ, ಕನ್ನಡಿ ಒರೆಸಿ, ಗಂಡನಿಗಾಗಿ ಕಾಯುತ್ತ ಕೂತಳು. ಅಲ್ಲಿಗೆ ಮುಗಿಯಿತು ಅಂದಳು ಪಲ್ಲವಿ. “ನೋಡು, ಮತ್ತ ನನ್ನ ಮಾತೇ ಕೇಳ್ಯಾಳ,” ಎಂದು ಮಲ್ಕಮ್ಮ ಹಿಗ್ಗಿದಳು. ಹಿಗ್ಗಿದಳೇನೋ ನಿಜ. ಆದರೆ ಆಮೇಲಿನ ದಿನಗಳಲ್ಲಿ ಹೊಸ ಕಥೆ ಯಾವುದೂ ಹತ್ತಲಿಲ್ಲ. ಪಲ್ಲವಿ ಓದುತ್ತಿದ್ದಳು, ದನಿ ರೊಟ್ಟಿಯ ಸದ್ದಿನೊಳಗೆ ಮುಳುಗಿಹೋಗುತ್ತಿತ್ತು. ಮಲ್ಕಮ್ಮ ಬೇಕೆಂದೇ ಕಥೆಯವರನ್ನೆಲ್ಲ ಬೈದರೂ ಅವಳು ನಗುತ್ತಿರಲಿಲ್ಲ. ಗುನುಗುವುದಂತೂ ಮೊದಲೇ ನಿಂತಿತ್ತು.

ಬೇಸಿಗೆ ರಜೆಗೆ ಖಾಸೀಂಬಿಯ ಮೊಮ್ಮಗಳು ತಬಸ್ಸುಮ ಬಂದಳು. ಕಲಬುರಗಿಯಲ್ಲಿ ಡಿಗ್ರಿ ಓದುವವಳು. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂತವಳನ್ನು ನೋಡಿ ಮಲ್ಕಮ್ಮ, “ಕನ್ನಡಿಯೊಳಗಿನ ಗಂಡ ಓದೀ ಏನು?” ಎಂದು ಕೇಳಿದಳು. ಓದಿದ್ದೇನೆ ಅಂದಳು ಹುಡುಗಿ. ಮಲ್ಕಮ್ಮನಿಗೆ ಅಷ್ಟೇ ಸಾಕು.

“ಅದರಾಗ ದೆವ್ವ ತಾಯಿ ಮನಿಗೆ ಬಂದು ರೊಟ್ಟಿ ತಿಂತದಲ್ಲ, ಅದು ನಾ ಹೇಳಿ ಬರ್ಸಿದ್ದು.”

ತಬಸ್ಸುಮ ಕಣ್ಣು ಕಿರಿದು ಮಾಡಿದಳು. “ರೊಟ್ಟಿ? ಯಾವ ಕಂತಿನಾಗ ಆಯಿ? ಆ ಕಥಿಯಾಗ ತಾಯಿ ಬರೂದೇ ಇಲ್ಲಲ್ಲ. ಆರ್ಯನ್ ಸತ್ತಾಗ ಒಮ್ಮಿ ಅಳ್ತಾಳ, ಅಷ್ಟೇ. ಆಮ್ಯಾಲ ಅಕಿ ಹೆಸರೇ ಇಲ್ಲ.”

“ನೀ ಬರಾಬರ್ ಓದಿಲ್ಲ ಬಿಡು. ಯವ್ವಾ ಅಂತಾನ, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂತಾನ.”

“ಅವರು ಬೆಂಗಳೂರಿನ ಮಂದಿ ಆಯಿ, ಅವರು ಯಾಕ ಯವ್ವಾ ಅಂತಾರ?” ಹುಡುಗಿ ನಕ್ಕಳು. ಆದರೂ ಮುದುಕಿಯ ಸಮಾಧಾನಕ್ಕೆಂದು ಕಂತು ಕಂತು ತೆಗೆದು ನೋಡಿದಳು. ಎಲ್ಲೂ ಇಲ್ಲ. ಒಂದು ಕಂತಿನ ಕೆಳಗೆ ಮಾತ್ರ, ನಿಮ್ಮ ದೆವ್ವಕ್ಕೆ ತಾಯಿ ಇಲ್ಲವೇ ಎಂದು ಪಲ್ಲವಿ ಬರೆದದ್ದು ಸಿಕ್ಕಿತು. ಅದಕ್ಕೆ ಬರೆಯುವವಳು ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗಿದ್ದಳು.

ಮಲ್ಕಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು. ಮೊದಲ ರೊಟ್ಟಿಯ ಅಂಚು. ಲೈನ್ ಕಟ್ಟಾತು ಯವ್ವಾ. ನೋವಾಗಲಿಲ್ಲ ಯವ್ವಾ. ಇದನ್ನೆಲ್ಲ ಬರೆದವಳು ತನ್ನ ಮನೆಯಲ್ಲೇ ಗೋಡೆಗೆ ಒರಗಿ ಕೂತು, ಖಾಲಿ ಮೊಬೈಲು ನೋಡಿಕೊಂಡು, ಸತ್ತ ಗಂಡನನ್ನು ಅತ್ತೆಗೆ ಓದಿ ಓದಿ ಕೊಟ್ಟಿದ್ದಳು. 

“ಕಡೀಕ ಅಕಿ ಏನು ಮಾಡ್ತಾಳ ಯವ್ವಾ? ಆ ಇಂಚರಾ?” ಎಂದು ಕೇಳಿದಳು. ಕೇಳಲು ಹೆದರಿಕೆಯಾಗಿತ್ತು.

“ಡಾಕ್ಟರ್ ಕೂಡ ಹೋಗ್ತಾಳ. ದೆವ್ವಾನೇ ಕಳಸ್ತದ. ನೀ ಬದುಕು, ನನ್ನ ದಾರಿ ಕಾಯಬ್ಯಾಡ ಅಂತದ. ಎಲ್ಲಾರೂ ಅಕಿ ಹೋಗ್ಲಿ ಅಂತಾನೇ ಬರದಿದ್ರು ಆಯಿ, ನಾನೂ ಬರದೀನಿ.” ತಬಸ್ಸುಮ ಬೆರಳಾಡಿಸುತ್ತ ಕೆಳಗಿಳಿದಳು. “ಒಬ್ರೇ ನೋಡು ಬ್ಯಾಡ ಅಂದಾರ. ಅರೆ, ಪಲ್ಲವಿ ಅಕ್ಕಾನೇ!”

ಅಷ್ಟು ಜನ ಗುರುತಿಲ್ಲದವರು ಆ ಹೆಣ್ಣು ಬದುಕಲಿ ಅಂದಿದ್ದರು. ಬೇಡ ಅಂದದ್ದು ಮಲ್ಕಮ್ಮ ಒಬ್ಬಳೇ. ಅದಕ್ಕೂ ಹೆಸರು ಪಲ್ಲವಿಯದು ಬಿದ್ದಿತ್ತು.

ಮನೆಗೆ ಬಂದವಳೇ ಗಂಡನ ಮುಂದೆ ನಿಂತಳು. ಅವತ್ತು ಪಲ್ಲವಿ ಬೇಡ ಅಂದದ್ದು ತನ್ನ ಮಾತು ಕೇಳಿ, ತಾನೇ ಹಾಳು ಬಾಯಿ ಬಿಟ್ಟೆ, ಈಗಲೇ ಯಡ್ರಾಮಿಗೆ ಹೋಗಿ ಆ ಮನುಷ್ಯನಿಗೆ ಹೇಳಿ ಬಾ ಎಂದು ಬೇಡಿಕೊಂಡಳು. ಧರ್ಮಣ್ಣ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ನಡೆದ. ಮಧ್ಯಾಹ್ನ ಮರಳಿ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿ ಹೇಳಿದ, “ಅಫಜಲಪುರದಾಗ ಹೆಣ್ಣು ಗೊತ್ತಾಗ್ಯಾದ ಅವರಿಗೆ. ಹೋದ ವಾರ ಸೀರಿ ಕೊಟ್ಟು ಬಂದಾರ. ಪಾಪ, ಆ ಮನಷ್ಯಾ ನನ್ನ ಎದುರು ಕುಂತು ಬಾಳ ಬ್ಯಾಸರ ಮಾಡಿಕೊಂಡ. ಇಷ್ಟ ದಿನ ಕಾದಿದ್ದೆ ಅಂದ.”

ಪಲ್ಲವಿ ಅಂಗಡಿಯಿಂದ ಬಂದಳು. ಕೈಕಾಲು ತೊಳೆದು ಗೋಡೆಗೆ ಬೆನ್ನು ಕೊಟ್ಟು ಕೂತು, ಮೊಬೈಲ್ ತೆಗೆದಳು. ಮಲ್ಕಮ್ಮ ಇನ್ನೂ ಒಲೆ ಹಚ್ಚಿರಲಿಲ್ಲ.

“ಯಾಕ್ರಿ ಅತ್ತಿ, ಮೈಯಾಗ ಹುಷಾರಿಲ್ಲೇನು?”

“ಪಲ್ಲವಿ, ಅಕಿ ಹೋಗಬೇಕಾಗಿತ್ತು ಬೇ,” ಅಂದಳು ಮಲ್ಕಮ್ಮ. “ಆ ಇಂಚರಾ. ನಾ ತಪ್ಪ ಹೇಳಿದೆ. ನನ್ನ ಹೊಟ್ಟಿ ಸಂಕಟಕ್ಕ ಹೇಳಿದೆ. ನೀ ನನ್ನ ಮಾತು ಯಾಕ ಕೇಳಿದಿ ಯವ್ವಾ?”

ಪಲ್ಲವಿ ಅವಳ ಮುಖ ನೋಡಿದಳು. ಕಟ್ಟೆಯ ಮೇಲೆ ಮತ್ತೆ ಮೊಬೈಲ್ ಹಿಡಿದು ಕೂತಿದ್ದ ತಬಸ್ಸುಮಳನ್ನು ಬಾಗಿಲಿನಿಂದಾಚೆ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಸಿಟ್ಟಾಗಲಿಲ್ಲ.

“ಅಂವಗ ಕೂಡಾಕ ಜಾಗ ಬೇಕು ಅಂದಿದ್ರಲ್ರಿ ಅತ್ತಿ.”

“ಅಂವ ಬರಂಗಿಲ್ಲ ಬೇ.” ಮಗ ಸತ್ತ ಮೇಲೆ ಮಲ್ಕಮ್ಮ ಈ ಮಾತು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿ, ನೆಲಕ್ಕೆ ಕೈಯೂರಿ ಅಳತೊಡಗಿದಳು. “ನನ್ನ ಕೂಸು ಎಂದೂ ಬರಂಗಿಲ್ಲ.”

ಪಲ್ಲವಿ ಮೊಬೈಲ್ ಕೆಳಗಿಟ್ಟಳು. ಎದ್ದು ಬಂದು, ಒಲೆಗೆ ಕಟ್ಟಿಗೆ ಒಟ್ಟಿ, ಪರಾತವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಗೊತ್ತದ್ರಿ ಅತ್ತಿ,” ಅಂದಳು. “ನನಗ ಅವತ್ತೂ ಗೊತ್ತಿತ್ತು.”